ಎಸ್ಟೀಮ್ ಎಂಜಿನ್ನನ್ನು ಟ್ರ್ಯಾಕಿಗೆ ಕಟ್ಟಿದ ನನ್ನ ಅನುಭವ

ಮಾರುತಿ ಎಸ್ಟೀಮನ್ನು ಸ್ಪೋರ್ಟ್ಸ್ ಕಾರು ಅಂತ ಜನ ಕರೆಯೋದಿಲ್ಲ. ನಾನು ಕರೆಯುತ್ತೇನೆ. ತೂಕ 900 ಕೆಜಿಗಿಂತ ಕಡಿಮೆ. ಬಾನೆಟ್ ಕೆಳಗೆ 1298 ಸಿಸಿಯ, 16 ವಾಲ್ವಿನ ಜಿ13ಬಿಬಿ ಎಂಜಿನ್. ಕಂಪನಿಯಿಂದ ಬಂದಾಗ 85 ಬಿಎಚ್‌ಪಿ. ಎತ್ತಿ ತಿರುಗಿಸಿದಷ್ಟೂ ಖುಷಿಯಿಂದ ತಿರುಗುವ ಎಂಜಿನ್ ಅದು. ಕೈಗೆಟುಕುವ ದುಡ್ಡಿನಲ್ಲಿ ರೇಸಿಗೆ ಇಳಿಯಬೇಕು ಅನ್ನುವವರಿಗೆ ನಮ್ಮ ಕಡೆ ಬಹಳ ವರ್ಷ ಇದೇ ಆಸರೆಯಾಗಿತ್ತು. ಮಾರುತಿಯ ಜೀಪು ಜಿಪ್ಸಿ ಕಿಂಗ್‌ಗೂ ಇದೇ ಎಂಜಿನ್ ಹಾಕಿದ್ದರಿಂದ ಕಾರಿನ ತಯಾರಿಕೆ ನಿಂತು ಇಷ್ಟು ವರ್ಷವಾದರೂ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಾಮಾನು ಸಿಗುತ್ತದೆ.

ಶಕ್ತಿ ಸಾಲದು ಅಂತ ನಾನು ಎಂಜಿನ್ ಬಿಚ್ಚಲಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಉದ್ದದ ತಿರುವಿಗೆ ಬಿದ್ದಾಗಲೆಲ್ಲ ಆಯಿಲ್ ಪ್ರೆಶರ್ ದೀಪ ಮಿಣಕ್ ಅನ್ನುತ್ತಿತ್ತು. ಕಾರು ನೆಟ್ಟಗಾದ ತಕ್ಷಣ ಆರಿಹೋಗುತ್ತಿತ್ತು. ಊರೊಳಗೆ ಓಡಿಸುವಾಗ ಒಮ್ಮೆಯೂ ಹತ್ತಿದ್ದಿಲ್ಲ. ನನಗಿಂತ ಮುಂಚೆ ಕಾರು ಇಟ್ಟುಕೊಂಡಿದ್ದವರು ಯಾವುದೋ ಗ್ಯಾರೇಜಿನಲ್ಲಿ ಪೂರ್ತಿ ಎಂಜಿನ್ ಕೆಲಸ ಮಾಡಿಸಿದ್ದರು. ಅಲ್ಲಿ ಹೊಸ ರಿಂಗ್ ಹಾಕಿದ್ದರು, ಪೇಂಟ್ ಹೊಡೆದಿದ್ದರು, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಮಾತ್ರ ಇದ್ದ ಹಾಗೇ ಇತ್ತು. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್ ದಂಡಕ್ಕೆ ಕೂಡುವ ಕಡೆಯದು) ತೆಗೆದು ನೋಡಿದರೆ ಮೇಲಿನ ಶೆಲ್ಲುಗಳ ಮೈಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳು.

ಕಾರಣ ಸರಳ. ಕಾರು 1 ಜಿ ಬಲದಲ್ಲಿ ತಿರುಗುವಾಗ ಸಂಪಿನೊಳಗಿನ ಆಯಿಲ್ 45 ಡಿಗ್ರಿ ವಾಲಿ ಒಂದು ಗೋಡೆಗೆ ಏರಿ ನಿಲ್ಲುತ್ತದೆ. ನಡುವೆ ಇರುವ, ಆಯಿಲ್ ಹೀರುವ ಪಿಕಪ್ ಪೈಪಿಗೆ ಆಗ ಸಿಗೋದು ಬರೀ ಗಾಳಿ. ಪಂಪ್ ಎಷ್ಟು ಹೊಸದಾಗಿದ್ದರೂ ಗಾಳಿಯನ್ನು ತಳ್ಳಿ ಬೇರಿಂಗ್ ಉಳಿಸೋಕಾಗಲ್ಲ. ಒಂದೆರಡು ಸೆಕೆಂಡ್ ಸಾಕು, ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಆಯಿಲ್ ಪದರ ಹರಿದುಹೋಗುತ್ತದೆ.

ಹಾಗಾಗಿ ಮೊದಲ ದುಡ್ಡು ಹೋಗಿದ್ದು ಸಂಪಿಗೆ. ಪಿಕಪ್ ಸುತ್ತ ಶೀಟ್ ಮೆಟಲ್‌ನಲ್ಲಿ ನಾಲ್ಕು ಗೋಡೆಯ ಚಿಕ್ಕ ಕೋಣೆ ಕಟ್ಟಿಸಿದೆ. ಪ್ರತಿ ಗೋಡೆಗೂ ಒಳಗಡೆ ಮಾತ್ರ ತೆರೆಯುವ ಪುಟ್ಟ ಬಾಗಿಲು. ಆಯಿಲ್ ಒಳಗೆ ಬರುತ್ತದೆ, ತಿರುವಿನಲ್ಲಿ ಹೊರಗೆ ಓಡಲು ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೇಲೊಂದು ತಟ್ಟೆ, ಕ್ರ್ಯಾಂಕಿನ ಗಾಳಿಗೆ ಆಯಿಲ್ ನೊರೆಯಾಗದ ಹಾಗೆ. ವೆಲ್ಡಿಂಗ್ ಆದ ಮೇಲೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟು ಎಲ್ಲೂ ಜಿನುಗೋದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಜೊತೆಗೆ ಒಂದು ಆಯಿಲ್ ಕೂಲರ್, ಆಯಿಲ್ ಬಿಸಿ ಮತ್ತು ಪ್ರೆಶರ್ ಎರಡಕ್ಕೂ ಮುಳ್ಳಿನ ಮೀಟರ್. ಕಂಪನಿಯ ದೀಪವನ್ನು ನಂಬಿ ಟ್ರ್ಯಾಕಿಗೆ ಇಳಿಯಬಾರದು. ಅದು ಹತ್ತುವಷ್ಟರಲ್ಲಿ ಬೇರಿಂಗ್ ಹಾಳಾಗೋಕೆ ಶುರುವಾಗಿರುತ್ತದೆ.

ಬ್ಲಾಕನ್ನು ಪೀಣ್ಯದ ಒಂದು ಬೋರಿಂಗ್ ಶಾಪಿಗೆ ಕೊಟ್ಟೆ, ಪಿಸ್ಟನ್ ಓಡುವ ತೂತನ್ನು, ಅಂದರೆ ಬೋರನ್ನು, ಕೊರೆದು ಸರಿಮಾಡಲು. ಅಲ್ಲಿನ ಹಿರಿಯರು ಬ್ಲಾಕ್ ನೋಡುವ ಮೊದಲೇ ಕೇಳಿದ್ದು ಒಂದೇ ಮಾತು.

"ಪಿಸ್ಟನ್ ತಂದಿದ್ದೀರಾ ಸಾರ್?"

"ನಾಳೆ ಬರುತ್ತೆ ಅಣ್ಣಾ."

"ಹಂಗಾದ್ರೆ ಬೋರಿಂಗೂ ನಾಳೆನೇ. ಪಿಸ್ಟನ್ ಕೈಗೆ ಬರದೆ ನಾನು ಬೋರ್ ಮುಟ್ಟಲ್ಲ."

ಆ ಮಾತಿಗೇ ನನಗೆ ಈ ಶಾಪ್ ಸರಿ ಅನ್ನಿಸಿತು. ಡಬ್ಬಿಯ ಮೇಲೆ 74.50 ಅಂತ ಅಚ್ಚಾಗಿದ್ದರೂ ಒಂದೊಂದು ಪಿಸ್ಟನ್ ಒಂದೊಂದು ಅಳತೆಗೆ ಬಂದಿರುತ್ತದೆ. ಅವರು ನಾಲ್ಕನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ತಲೆಯ ಮೇಲೆ ನಂಬರ್ ಬರೆದು, ಆಯಾ ಪಿಸ್ಟನ್ನಿಗೆ ಆಯಾ ಬೋರ್ ಹೊಂದಿಸಿದರು. ಮೂಲ ಬೋರ್ 74 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5. ಅರ್ಧ ಮಿಮೀ ಓವರ್‌ಸೈಜ್ ಹಾಕಿದ ಮೇಲೆ ಎಂಜಿನ್ 1316 ಸಿಸಿ ಆಯಿತು. ಸಿಸಿ ಹೆಚ್ಚಲಿ ಅಂತ ಬೋರ್ ಮಾಡಿಸಿದ್ದಲ್ಲ. ಬೋರ್ ಮೇಲ್ಗಡೆ ಸವೆದು ಅಂಡಾಕಾರ ಆಗಿತ್ತು, ಬೇರೆ ದಾರಿ ಇರಲಿಲ್ಲ.

ಫೋರ್ಜ್ಡ್ ಪಿಸ್ಟನ್ ಹಾಕು ಅಂತ ಗೆಳೆಯರು ಹೇಳಿದ್ದರು. ನಾನು ಕಾಸ್ಟ್ ಪಿಸ್ಟನ್ನನ್ನೇ ಉಳಿಸಿಕೊಂಡೆ. ಟರ್ಬೊ ಇಲ್ಲ, 7,000 ಆರ್‌ಪಿಎಂ ಮೇಲೆ ಹೋಗುವ ಆಸೆಯೂ ಇಲ್ಲ. ಆ ವೇಗದಲ್ಲಿ ಪಿಸ್ಟನ್ ಸರಾಸರಿ ಸೆಕೆಂಡಿಗೆ 17.6 ಮೀಟರ್ ಓಡುತ್ತದೆ, ಒಳ್ಳೆ ಕಾಸ್ಟ್ ಪಿಸ್ಟನ್ ಅದನ್ನು ತಡೆಯುತ್ತದೆ. ಫೋರ್ಜ್ಡ್ ಆದರೆ ಬಿಸಿಗೆ ಜಾಸ್ತಿ ಹಿಗ್ಗುವುದರಿಂದ ಗ್ಯಾಪ್ ಜಾಸ್ತಿ ಬಿಡಬೇಕು, ತಣ್ಣಗಿರುವಾಗ ಲಟಲಟ ಅನ್ನುತ್ತದೆ. ಆ ದುಡ್ಡನ್ನು ಹೊಸ ಕನೆಕ್ಟಿಂಗ್ ರಾಡ್ ಬೋಲ್ಟುಗಳಿಗೆ ಹಾಕಿದೆ. ರಾಡ್ ಮೇಲಿನ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6,000ದಿಂದ 7,000ಕ್ಕೆ ಹೋದರೆ ಎಳೆತ ಹತ್ತಿರ ಹತ್ತಿರ 36 ಶೇಕಡಾ ಜಾಸ್ತಿ. ಹಳೆ ಬೋಲ್ಟ್ ಒಂದು ಸಲ ಹಿಗ್ಗಿದ್ದರೆ ಅದನ್ನು ಮತ್ತೆ ನಂಬುವುದು ಹೇಗೆ?

ಹೋನಿಂಗ್ (ಬೋರಿನ ಒಳಮೈಯನ್ನು ಉಜ್ಜಿ ಹದ ಮಾಡುವುದು) ಮಾಡಿಸುವಾಗ ನಾನು ಹಟ ಹಿಡಿದು ಕೇಳಿದ್ದು ಟಾರ್ಕ್ ಪ್ಲೇಟ್. ಹೆಡ್ ಬೋಲ್ಟುಗಳನ್ನು ಬಿಗಿದಾಗ ಬೋರಿನ ಮೇಲ್ಭಾಗ ಕೊಂಚ ಸೊಟ್ಟಗಾಗುತ್ತದೆ. ಬರಿಯ ಬ್ಲಾಕಿನಲ್ಲಿ ಗುಂಡಗೆ ಹೋನ್ ಮಾಡಿದರೆ ಹೆಡ್ ಕೂರಿಸಿದ ಮೇಲೆ ಅದು ಗುಂಡಗೆ ಉಳಿಯೋದಿಲ್ಲ. ದಪ್ಪ ಉಕ್ಕಿನ ಪ್ಲೇಟಿನಲ್ಲಿ ಬೋರಿನ ತೂತುಗಳನ್ನು ಕೊರೆಸಿ, ಹೆಡ್ಡಿನ ಬದಲು ಅದನ್ನು ಅದೇ ಟಾರ್ಕಿಗೆ ಬಿಗಿದು ಹೋನ್ ಮಾಡಿದರೆ ರಿಂಗುಗಳು ಸುತ್ತಲೂ ಸಮನಾಗಿ ಕೂರುತ್ತವೆ. ಈ ಪ್ಲೇಟನ್ನು ಜಿ13 ಕಟ್ಟುವ ಗೆಳೆಯರು ಈಗ ನನ್ನಿಂದ ಇಸ್ಕೊಂಡು ಹೋಗುತ್ತಾರೆ.

ಜೋಡಣೆ ಮನೆಯಲ್ಲೇ ಮಾಡಿದೆ, ಧೂಳು ಬಾರದ ಹಾಗೆ ಶೆಡ್ಡಿನ ನೆಲ ಒದ್ದೆ ಮಾಡಿಕೊಂಡು. ಬೇರಿಂಗ್ ಗ್ಯಾಪ್‌ಗೆ ಎಲ್ಲರೂ ಬಳಸುವ ಲೆಕ್ಕ ಕ್ರ್ಯಾಂಕ್ ಜರ್ನಲ್ ವ್ಯಾಸದ ಸಾವಿರದಲ್ಲಿ ಒಂದು ಭಾಗ. ಬಿಗಿದಾಗ ಚಪ್ಪಟೆಯಾಗಿ ಗ್ಯಾಪ್ ತೋರಿಸುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಒಂದೊಂದನ್ನೂ ನೋಡಿದೆ. ಮೇಲಿನ ರಿಂಗನ್ನು ಬೋರಿನೊಳಗೆ ಇಟ್ಟು, ತುದಿಗಳನ್ನು ಅರದಿಂದ ಉಜ್ಜಿ 0.35 ಮಿಮೀ ಗ್ಯಾಪ್ ಬಿಟ್ಟೆ. ಊರೊಳಗಿನ ಕಾರಿಗೆ ಇಷ್ಟು ಬೇಡ. ಟ್ರ್ಯಾಕಿನ ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಒಂದಕ್ಕೊಂದು ತಾಗಿದರೆ ಪಿಸ್ಟನ್ನೇ ಒಡೆಯುತ್ತದೆ. ಪಿಸ್ಟನ್ನು, ರಾಡುಗಳನ್ನು ತೂಗಲು ಪರಿಚಯದ ಚಿನ್ನದ ಅಂಗಡಿಗೆ ಹೋದೆ. ಅವರ ತಕ್ಕಡಿಗಿಂತ ನಿಖರವಾದದ್ದು ನನಗೆ ಎಲ್ಲಿ ಸಿಗಬೇಕು? ಹಗುರವಾದದ್ದನ್ನು ಗುರುತಿಸಿ, ಮಿಕ್ಕವನ್ನು ಅದರ ಮಟ್ಟಕ್ಕೆ ಒಂದು ಗ್ರಾಂ ಒಳಗೆ ಇಳಿಸಿದೆ.

ಹೆಡ್ಡಿನ ವಿಷಯ. ಗಾಳಿ ಹೋಗಿಬರುವ ದಾರಿಯಾದ ಪೋರ್ಟನ್ನು ದೊಡ್ಡದು ಮಾಡಿ ಕನ್ನಡಿ ಹಾಗೆ ಪಾಲಿಶ್ ಮಾಡುವುದು ನಮ್ಮಲ್ಲಿ ಒಂದು ಚಟ. ಪೋರ್ಟ್ ತೀರಾ ಅಗಲವಾದರೆ ಗಾಳಿಯ ವೇಗ ಇಳಿಯುತ್ತದೆ, ತಿರುವಿನಿಂದ ಎದ್ದು ಬರುವಾಗ ಬೇಕಾದ ಎಳೆತ ಹೋಗುತ್ತದೆ. ನಾನು ಮ್ಯಾನಿಫೋಲ್ಡ್ ಮತ್ತು ಪೋರ್ಟ್ ಬಾಯಿ ಹೊಂದಿಸಿದೆ, ಎರಕದ ಉಬ್ಬುಗಳನ್ನು ತೆಗೆದೆ, ಅಷ್ಟೆ. ದುಡ್ಡು ಹಾಕಿದ್ದು ವಾಲ್ವ್ ಸೀಟಿಗೆ. ಮೂರು ಕೋನದಲ್ಲಿ ಸೀಟ್ ಕತ್ತರಿಸಿ, ಗೈಡ್ ಬದಲಿಸಿ, ವಾಲ್ವ್ ಕೂತಾಗ ಪೆಟ್ರೋಲ್ ಸುರಿದರೆ ಒಂದು ಹನಿಯೂ ಜಾರಬಾರದು. ವಾಲ್ವ್ ತೆರೆಯುವ ದಂಡವಾದ ಕ್ಯಾಮ್ ಸ್ವಲ್ಪ ಜಾಸ್ತಿ ಲಿಫ್ಟಿಗೆ ಗ್ರೈಂಡ್ ಆಯಿತು. ವಾಲ್ವ್ ಪಿಸ್ಟನ್ನಿಗೆ ತಾಗದ ಹಾಗೆ ಜಾಗ ಇದೆಯಾ ಅಂತ ತಿಳಿಯಲು ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಕ್ಲೇ ಅಂಟಿಸಿ, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಕ್ಲೇ ಕತ್ತರಿಸಿ ದಪ್ಪ ನೋಡಿದೆ. ಇನ್‌ಟೇಕ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಮಿಮೀಗಿಂತ ಕಡಿಮೆ ಇದ್ದರೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ.

ಕಂಪ್ರೆಶನ್ ಅನುಪಾತ (ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಅನ್ನೋದು) 10.5ಕ್ಕೆ ತರಬೇಕಿತ್ತು. ಒಂದು ಸಿಲಿಂಡರ್ ಈಗ 329 ಸಿಸಿ. ಅದನ್ನು 10.5ರಲ್ಲಿ ಒಂದು ಕಳೆದ 9.5ರಿಂದ ಭಾಗಿಸಿದರೆ 34.6. ಅಂದರೆ ಹೆಡ್ಡಿನ ಚೇಂಬರ್, ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ತಲೆಯ ಗುಂಡಿ ಎಲ್ಲ ಸೇರಿ ಉಳಿಯುವ ಜಾಗ 34.6 ಸಿಸಿ ಇರಬೇಕು. ಚೇಂಬರ್ ಮೇಲೆ ತೂತಿರುವ ಅಕ್ರಿಲಿಕ್ ತುಂಡು ಮುಚ್ಚಿ, ಬ್ಯುರೆಟ್‌ನಿಂದ ದ್ರವ ಬಿಟ್ಟು ಅಳೆದು, ಆಮೇಲೆ ಹೆಡ್ ಫೇಸಿಂಗ್ ಮಾಡಿಸಿದೆ. ಎಷ್ಟು ಕೆತ್ತಬೇಕು ಅಂತ ಕಣ್ಣಂದಾಜಿನಲ್ಲಿ ಹೇಳುವವರ ಕೈಗೆ ಹೆಡ್ ಕೊಡಬೇಡಿ. ಹೆಡ್ ಕೆಳಗೆ ಬಂದರೆ ಬೆಲ್ಟಿನ ಲೆಕ್ಕದಲ್ಲಿ ಕ್ಯಾಮ್ ಟೈಮಿಂಗ್ ಕೂಡ ಹಿಂದೆ ಸರಿಯುತ್ತದೆ. ಅದಕ್ಕೆ ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಬೇಕೇ ಬೇಕು.

ಇನ್ನು ಟ್ಯೂನಿಂಗ್. ಬೆಂಗಳೂರಿನವರಿಗೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ನಂಬಿಕೆ, ಯಾಕಂದ್ರೆ ಇದನ್ನು ಯಾರೂ ಜಾಸ್ತಿ ಮಾತಾಡೋದಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತಿರ ಹತ್ತಿರ 10 ಶೇಕಡಾ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟೇ ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಶಕ್ತಿ ಅಳೆಯುವ ಡೈನೊ ಯಂತ್ರ ಕರೆಕ್ಷನ್ ಹಾಕಿ ಆ ನಷ್ಟ ತುಂಬಿದ ಅಂಕಿ ತೋರಿಸುತ್ತದೆ, ಅದನ್ನು ನೋಡಿ ನಾವು ಖುಷಿಪಡುತ್ತೇವೆ. ಆದರೆ ತೊಂದರೆ ಬೇರೆ ಕಡೆ ಇದೆ.

ನನ್ನ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಮತ್ತು ಇಗ್ನಿಷನ್ ಟೈಮಿಂಗ್ ಎರಡನ್ನೂ ಒಂದು ಪಟ್ಟಿಯಿಂದ ಆರಿಸುತ್ತದೆ. ಬೆಂಗಳೂರಿನಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಒತ್ತಡ 90 ಕಿಲೋಪಾಸ್ಕಲ್ ದಾಟೋದಿಲ್ಲ. ಪಟ್ಟಿಯ 100ರ ಸಾಲಿಗೆ ಎಂಜಿನ್ ಇಲ್ಲಿ ಕಾಲೇ ಇಡುವುದಿಲ್ಲ. ಅದೇ ಕಾರು ಸುಮಾರು 300 ಕಿಮೀ ಘಟ್ಟ ಇಳಿದು ಟ್ರ್ಯಾಕ್ ಸೇರಿದ ಕೂಡಲೇ ಅದೇ ಸಾಲಿನಲ್ಲಿ ಓಡಲು ಶುರು ಮಾಡುತ್ತದೆ. ಜಾಸ್ತಿ ಗಾಳಿ, ಜಾಸ್ತಿ ಒತ್ತಡ, ಮೇಲೆ ಚೆನ್ನೈ ಬಿಸಿಲು. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗೇ ಸಿಡಿಯುವುದು) ಆಗೋಕೆ ಇನ್ನೇನು ಬೇಕು? ಡೈನೊದಲ್ಲಿ ಮುಟ್ಟದೇ ಉಳಿದ ಆ ಸಾಲಿಗೆ ನಾನು ಕೆಳಗಿನ ಸಾಲಿಗಿಂತ ಮೂರು ಡಿಗ್ರಿ ಟೈಮಿಂಗ್ ಕಡಿಮೆ ಇಟ್ಟು, ಪೆಟ್ರೋಲ್ ಕೊಂಚ ಜಾಸ್ತಿ ಬಿಟ್ಟು ಹೊರಟೆ. ಟ್ರ್ಯಾಕಿನಲ್ಲಿ ಬ್ಲಾಕಿಗೆ ತಾಮ್ರದ ಕೊಳವೆ ಬಿಗಿದು, ರಬ್ಬರ್ ಪೈಪ್ ಮೂಲಕ ಇಯರ್‌ಮಫ್‌ಗೆ ಜೋಡಿಸಿ, ಪಕ್ಕದ ಸೀಟಿನಲ್ಲಿ ಗೆಳೆಯನನ್ನು ಕೂರಿಸಿ ಕೇಳಿಸಿದೆ. ನಾಕಿಂಗ್ ಇದ್ದರೆ ಟಿಣ್ ಟಿಣ್ ಅಂತ ಸ್ಪಷ್ಟವಾಗಿ ಬರುತ್ತದೆ. ಏನೂ ಬರದಿದ್ದಾಗ ಅರ್ಧ ಡಿಗ್ರಿಯಂತೆ ವಾಪಸ್ ಕೊಟ್ಟೆ. ಪ್ರತಿ ಸಲವೂ ಪ್ಲಗ್ ಬಿಚ್ಚಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕೆ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿದೆ.

ಪೆಟ್ರೋಲೂ ಬದಲಾಗಿದೆ. 20 ಶೇಕಡಾ ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಬರೀ ಪೆಟ್ರೋಲಿಗೆ ಸರಿಯಾದ ಗಾಳಿ-ಪೆಟ್ರೋಲ್ ಅನುಪಾತ 14.7. ಇ20ಗೆ ಅದು 13.5ರ ಆಸುಪಾಸು. ಅಂದರೆ ಅದೇ ಗಾಳಿಗೆ ಸುಮಾರು 9 ಶೇಕಡಾ ಜಾಸ್ತಿ ಇಂಧನ ಬೇಕು. ಹಳೆಯ ಇಂಜೆಕ್ಟರ್ ಮೇಲ್ಗಡೆ ಆರ್‌ಪಿಎಂನಲ್ಲಿ ಸಾಲದೆ ಹೋಯಿತು, ದೊಡ್ಡದು ಹಾಕಬೇಕಾಯಿತು. ಅನುಪಾತದ ಅಂಕಿ ಬಿಟ್ಟು ಲ್ಯಾಂಬ್ಡಾ (ಆಯಾ ಇಂಧನದ ಸರಿಯಾದ ಅನುಪಾತವನ್ನು 1 ಅಂತಿಟ್ಟು ಹೇಳುವ ಅಳತೆ) ನೋಡಿ ಟ್ಯೂನ್ ಮಾಡಿದರೆ ಯಾವ ಬಂಕಿನ ಪೆಟ್ರೋಲ್ ಆದರೂ ಗೊಂದಲ ಇರುವುದಿಲ್ಲ. ಪೂರ್ತಿ ಪೆಡಲ್‌ನಲ್ಲಿ ನಾನು 0.87 ಇಟ್ಟಿದ್ದೇನೆ. ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿದೆ. ಎಥನಾಲ್ ನಾಕಿಂಗ್ ತಡೆಯುತ್ತದೆ ಅನ್ನೋದು ಮಾತ್ರ ನಮ್ಮಂಥವರಿಗೆ ನಿಜವಾದ ಲಾಭ.

ಎಕ್ಸಾಸ್ಟ್ 4-2-1 ಹೆಡರ್, ಅಂದರೆ ನಾಲ್ಕು ಪೈಪು ಎರಡಾಗಿ ಆಮೇಲೆ ಒಂದಾಗುತ್ತದೆ; 1 ಮತ್ತು 4ನೇ ಸಿಲಿಂಡರ್ ಒಂದು ಜೋಡಿ, 2 ಮತ್ತು 3 ಇನ್ನೊಂದು. ರೇಡಿಯೇಟರ್ ದೊಡ್ಡದು ಹಾಕುವ ಮುಂಚೆ ಅದರ ಸುತ್ತಲಿನ ಸಂದುಗಳನ್ನು ಶೀಟಿನಿಂದ ಮುಚ್ಚಿದೆ. ಅಷ್ಟಕ್ಕೇ ಬಿಸಿ ಹತೋಟಿಗೆ ಬಂತು. ಥರ್ಮೋಸ್ಟಾಟ್ ಕಿತ್ತು ಹಾಕಿ ಅನ್ನುವವರ ಮಾತು ಕೇಳಲಿಲ್ಲ.

ಮೊದಲ ಸ್ಟಾರ್ಟಿಗೆ ಪ್ಲಗ್ ಬಿಚ್ಚಿ, ಪ್ರೆಶರ್ ಮುಳ್ಳು ಏಳುವವರೆಗೆ ಸ್ಟಾರ್ಟರ್‌ನಲ್ಲೇ ತಿರುಗಿಸಿದೆ. ರನ್ನಿಂಗ್-ಇನ್‌ಗೆ ಸಾದಾ ಮಿನರಲ್ ಆಯಿಲ್. ಹೊಸ ರಿಂಗನ್ನು ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಬೋರ್ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಡೈನೊದಲ್ಲಿ ಹದವಾಗಿ ಲೋಡ್ ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು ಕೂರಿಸಿದೆ. ಆಮೇಲೆ 15ಡಬ್ಲ್ಯು-50 ಸಿಂಥೆಟಿಕ್. ಚಕ್ರದ ಹತ್ತಿರ ಈಗ ಸುಮಾರು 90 ಬಿಎಚ್‌ಪಿ ಇದೆ. ನಾನು ಹೆಮ್ಮೆಯಿಂದ ತೋರಿಸೋದು ಆ ಅಂಕಿಯನ್ನಲ್ಲ, ಆಯಿಲ್ ಪ್ರೆಶರ್ ದಾಖಲೆಯನ್ನು. ಉದ್ದದ ತಿರುವಿನಲ್ಲೂ ಮುಳ್ಳು 4 ಬಾರ್ ಹತ್ತಿರ ಅಲ್ಲಾಡದೆ ನಿಲ್ಲುತ್ತದೆ.

ಪ್ರತಿ ಟ್ರ್ಯಾಕ್ ದಿನ ಮುಗಿದ ಮೇಲೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ. ಹೊಳೆಯುವ ಪುಡಿ ಕಂಡರೆ ಮುಂದಿನ ಸಲ ಕಾರು ಟ್ರ್ಯಾಕಿಗೆ ಹೋಗುವುದಿಲ್ಲ. ಟ್ಯಾಪೆಟ್ ಗ್ಯಾಪ್ ನೋಡುತ್ತೇನೆ, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿ ನಾಲ್ಕೂ ಸಿಲಿಂಡರಿನ ಅಂಕಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಈಗ ಒಂದೊಂದೂ 8 ಶೇಕಡಾ ಒಳಗಿದೆ. 15 ದಾಟಿದ ದಿನ ಮತ್ತೆ ಬಿಚ್ಚುತ್ತೇನೆ. ಅಷ್ಟರೊಳಗೆ ಗೇರ್‌ಬಾಕ್ಸಿಗೆ, ತಿರುವಿನಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹುಡುಕಬೇಕು.