ಲಕ್ವ ಹೊಡೆದಾಗ: ತೋಟದ ಮನೆಯಿಂದ ಕ್ಯಾಥ್‌ಲ್ಯಾಬ್‌ವರೆಗೆ

ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿ. ಬಿದ್ದದ್ದು ಕಂಡ ಹೊತ್ತಲ್ಲ, ರೋಗಿ ಸರಿಯಾಗಿದ್ದುದನ್ನು ಯಾರಾದರೂ ಕಡೆಯದಾಗಿ ಕಂಡ ಹೊತ್ತು ಬೇಕು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ರಾತ್ರಿ 9ಕ್ಕೆ ಮಾತಾಡಿ ಮಲಗಿದವರು ಬೆಳಿಗ್ಗೆ 6ಕ್ಕೆ ಏಳಲಾರದಿದ್ದರೆ ಲೆಕ್ಕ 9ರಿಂದಲೇ. ಅದನ್ನು ಚೀಟಿಯಲ್ಲಿ ಬರೆದು, ರೋಗಿ ತಿನ್ನುವ ಮಾತ್ರೆಗಳ ಜೊತೆಗಿಡಿ. ರಕ್ತ ತೆಳುಮಾಡುವ ಮಾತ್ರೆಯಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

108ಕ್ಕೆ ಕರೆ ಮಾಡಿ. ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ. ನುಂಗಲಾಗದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ, ಮೆದುಳಿನ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಸಿ.ಟಿ. ಸ್ಕ್ಯಾನ್ ಆಗದೆ ತಿಳಿಯದು. ಬಿ.ಪಿ. ಏರಿದೆಯೆಂದು ನಾಲಿಗೆಯಡಿ ಮಾತ್ರೆ ಇಟ್ಟರೆ ಇನ್ನೂ ಅನಾಹುತ: ಅಕ್ಕಪಕ್ಕದ ಸಣ್ಣ ನಾಳಗಳಲ್ಲಿ ರಕ್ತ ನೂಕುತ್ತಿರುವುದು ಆ ಒತ್ತಡವೇ. ಶುಗರ್ ಮಾತ್ರ ನೋಡಿ, ತೀರಾ ಇಳಿದರೂ ಲಕ್ವದಂತೆಯೇ ಕಾಣುತ್ತದೆ. ಎಣ್ಣೆ ತಿಕ್ಕಿಸಲು ಹೋದ ಎರಡು ಗಂಟೆ ಮರಳಿ ಬರುವುದಿಲ್ಲ.

ಹತ್ತಿರದ ಸಿ.ಟಿ. ಇರುವ ಆಸ್ಪತ್ರೆಯಲ್ಲೇ ಮೊದಲ ನಿಲುಗಡೆ. ರಕ್ತಸ್ರಾವ ಇಲ್ಲವೆಂದು ಖಚಿತವಾದರೆ, ಬೇರೆ ಅಡ್ಡಿಯಿಲ್ಲದಿದ್ದರೆ, ಬಿ.ಪಿ.ಯನ್ನು 185/110ರ ಕೆಳಗಿಳಿಸಿ 4.5 ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್: ಟೆನೆಕ್ಟೆಪ್ಲೇಸ್ ಆದರೆ ತೂಕದ ಪ್ರತಿ ಕಿಲೋಗೆ 0.25 ಮಿ.ಗ್ರಾಂ., ಗರಿಷ್ಠ 25, ಒಂದೇ ಸಲ. ದೊಡ್ಡ ನಾಳದ ಹೆಪ್ಪು ಇದಕ್ಕೆ ಕರಗುವುದು ಕಡಿಮೆ. ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋದಲ್ಲಿ ಅಂಥದು ಕಂಡರೆ ಇಂಜೆಕ್ಷನ್ ಕೊಟ್ಟು, ಕೊಳವೆ ಏರಿಸಿ ಹೆಪ್ಪು ತೆಗೆಯುವ ಆಸ್ಪತ್ರೆಗೆ ಕೂಡಲೇ ಹೊರಡಿಸಬೇಕು, ಫಲ ನೋಡುತ್ತಾ ಕೂರಬಾರದು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ.; ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಇನ್ನೂ ದೂರ. ಮಳೆಗಾಲದಲ್ಲಿ ಘಾಟಿ ನಂಬಬೇಡಿ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಅದು ಮುಚ್ಚಿತ್ತು. ಹೊರಡುವ ಮುನ್ನವೇ ಫೋನ್ ಮಾಡಿ ಕೇಳಿ: ಮೆದುಳಿನ ಹೆಪ್ಪು ತೆಗೆಯುವ ವೈದ್ಯರು ಈಗ ಇದ್ದಾರೆಯೇ? ಹೃದಯದ ಕ್ಯಾಥ್‌ಲ್ಯಾಬ್ (ನಾಳಕ್ಕೆ ಕೊಳವೆ ಏರಿಸಿ ಚಿಕಿತ್ಸೆ ಮಾಡುವ ಕೋಣೆ) ಇದ್ದ ಮಾತ್ರಕ್ಕೆ ಸಾಲದು. ಹೀಗೆ ಹೆಪ್ಪು ತೆಗೆಯಲು ಸಾಮಾನ್ಯ ಗಡುವು 6 ಗಂಟೆ. ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಮೆದುಳು ಕಂಡರೆ 24 ಗಂಟೆವರೆಗೂ ಮಾಡುತ್ತಾರೆ. ರಾತ್ರಿ ಮಲಗಿದವರಿಗೆ ಇದೇ ಆಸರೆ.

ಅಲ್ಲಿ ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ಸುಮಾರು 2–3 ಮಿ.ಮೀ. ದಪ್ಪದ ಕೊಳವೆ ಏರಿಸಿ ಕುತ್ತಿಗೆಯ ನಾಳ ತಲುಪುತ್ತಾರೆ. ಅದರೊಳಗಿಂದ ಸಣ್ಣ ಕೊಳವೆ ಹೆಪ್ಪಿನ ಆಚೆ ದಾಟಿದ ಮೇಲೆ ಬಲೆಯಂಥ ಸ್ಟೆಂಟ್ ಬಿಚ್ಚಿ, ಹೆಪ್ಪು ಅದಕ್ಕೆ ಸಿಕ್ಕಿಕೊಳ್ಳಲು ಕೆಲವು ನಿಮಿಷ ಕಾಯುತ್ತಾರೆ. ಬಳಿಕ ಹೀರುತ್ತಲೇ ನಿಧಾನವಾಗಿ ಎಳೆಯುತ್ತಾರೆ. ಬರೀ ಹೀರಿ ತೆಗೆಯುವುದೂ ಉಂಟು. ಮೊದಲ ಎಳೆತಕ್ಕೇ ಬಂದರೆ ಒಳ್ಳೆಯದು. ಎಳೆತ ಹೆಚ್ಚಿದಂತೆ ನಾಳದ ಒಳಪದರ ಹರಿಯುವ, ಹೆಪ್ಪಿನ ಚೂರು ಮುಂದಕ್ಕೆ ಹಾರುವ ಅಪಾಯ ಹೆಚ್ಚು. ನಾಳ ತೂತಾದರೆ ಪ್ರಾಣಕ್ಕೇ ಸಂಚಕಾರ. ತೆಗೆದ ಜಾಗ ಮತ್ತೆ ಮತ್ತೆ ಕಟ್ಟಿಕೊಂಡರೆ ಅಲ್ಲಿ ಹಳೆಯ ಕೊಬ್ಬು ಕಟ್ಟಿ ನಾಳ ಕಿರಿದಾಗಿದೆಯೆಂದು ಅನುಮಾನಿಸಬೇಕು. ಅದಕ್ಕೆ ನಾಳ ಹಿಗ್ಗಿಸುವ ಬಲೂನೋ ಅಲ್ಲೇ ಉಳಿಯುವ ಸ್ಟೆಂಟೋ ಬೇಕಾಗುತ್ತದೆ.

ಮುಗಿದ ಮೇಲೆ ತೊಡೆಯಲ್ಲಿ ಚುಚ್ಚಿದ್ದರೆ ವೈದ್ಯರು ಹೇಳುವವರೆಗೆ ಕಾಲು ಮಡಚುವಂತಿಲ್ಲ, ಬಿ.ಪಿ. 180/105 ದಾಟಬಾರದು, ತೀರಾ ಇಳಿಸಲೂಬಾರದು. 24 ಗಂಟೆಗೆ ಮತ್ತೆ ಸಿ.ಟಿ. ನುಂಗುವ ಪರೀಕ್ಷೆ ಆಗದೆ ಮನೆಯ ಗಂಜಿಯೂ ಬೇಡ.

ಹೆಪ್ಪಿಲ್ಲದೆ ಮೆದುಳಿನ ನಾಳ ಕಿರಿದಾಗಿದೆ, ಸ್ಟೆಂಟ್ ಹಾಕೋಣ ಎಂದರೆ ಅದು ಬೇರೆಯೇ ಮಾತು. 2011ರ ಸ್ಯಾಂಪ್ರಿಸ್ ಅಧ್ಯಯನದಲ್ಲಿ 30 ದಿನದೊಳಗೆ ಲಕ್ವ ಅಥವಾ ಸಾವು ಸ್ಟೆಂಟ್ ಹಾಕಿದವರಲ್ಲಿ ಶೇ. 14.7, ಔಷಧಿ ಮಾತ್ರ ಪಡೆದವರಲ್ಲಿ ಶೇ. 5.8. ಒಪ್ಪುವ ಮೊದಲು ಇನ್ನೊಬ್ಬ ನರರೋಗ ವೈದ್ಯರನ್ನು ಕೇಳಿ, ಇಲ್ಲಿ ಆತುರವಿಲ್ಲ.