ಬೀಗವಿಲ್ಲದ ಜೀತ: ಗುರುತಿಸುವುದು ಹೇಗೆ, ಬಿಡಿಸಲು ನೆರವಾಗುವುದು ಹೇಗೆ?

ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಒಬ್ಬ ಬರುತ್ತಾನೆ. ಅವನ ಕಮಿಷನ್‌ಗಾಗಿ ಮನೆಯವರು ಸಾಲ ಮಾಡುತ್ತಾರೆ. ಹುಡುಗ ಪರದೇಶದಲ್ಲಿ ಇಳಿದ ದಿನವೇ ‘ಜೋಪಾನವಾಗಿ ಇಟ್ಟಿರುತ್ತೇವೆ’ ಎಂದು ಅವನ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರೆ. ಹೇಳಿದ ಸಂಬಳ ಒಂದು, ಕೊಡುವುದು ಇನ್ನೊಂದು. ಅದರಲ್ಲೂ ಊಟ, ಕೋಣೆಯ ಬಾಡಿಗೆ, ವೀಸಾ ಖರ್ಚು ಎಂದು ಮುರಿದುಕೊಳ್ಳುತ್ತಾರೆ. ಎರಡು ತಿಂಗಳ ಸಂಬಳ ಸದಾ ಬಾಕಿ. ವರ್ಷ ಕಳೆದರೂ ಸಾಲ ಇಳಿಯುವುದಿಲ್ಲ, ಏರುತ್ತದೆ. ಬಾಗಿಲಿಗೆ ಬೀಗವಿಲ್ಲ. ಆದರೆ ಹೊರಟರೆ ಬಾಕಿ ಸಂಬಳ ಮುಳುಗಿದಂತೆಯೇ. ದಾಖಲೆಯಿಲ್ಲದೆ ಸಿಕ್ಕಿಬಿದ್ದರೆ ಜೈಲು. ಊರಿನಲ್ಲಿ ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಾರೆ. ಅವನ ಮೈಮೇಲೆ ಒಂದು ಏಟೂ ಬಿದ್ದಿಲ್ಲ. ಆದರೂ ಅವನು ಜೀತದಾಳು.

ಇಂಥವರ ಸಂಖ್ಯೆ ಸಣ್ಣದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂತರರಾಷ್ಟ್ರೀಯ ವಲಸೆ ಸಂಘಟನೆ ಮತ್ತು ಗುಲಾಮಗಿರಿಯ ವಿರುದ್ಧ ದುಡಿಯುವ ವಾಕ್ ಫ್ರೀ ಸಂಸ್ಥೆ ಸೇರಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ 4.96 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ ಸಿಲುಕಿದ್ದರು. ಇದು ಬಡ ದೇಶಗಳ ಪಿಡುಗು ಎಂದುಕೊಳ್ಳುವವರು ಒಂದು ಸಂಗತಿ ಗಮನಿಸಬೇಕು: ಬಲವಂತದ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಮೇಲ್ಮಧ್ಯಮ ಹಾಗೂ ಹೆಚ್ಚು ಆದಾಯದ ದೇಶಗಳಲ್ಲಿದೆ. ಇದರಿಂದ ವರ್ಷಕ್ಕೆ 23,600 ಕೋಟಿ ಡಾಲರ್ ಅಕ್ರಮ ಲಾಭ ಹುಟ್ಟುತ್ತದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಲೆಕ್ಕ ಹಾಕಿತು. ಬಡತನ ಜನರನ್ನು ಈ ಬಲೆಗೆ ತಳ್ಳುತ್ತದೆ, ನಿಜ. ಆದರೆ ಬಲೆ ಬೀಸುವುದು ಲಾಭದ ಆಸೆ.

ಮೊದಲು: ಕೆಟ್ಟ ಕೆಲಸ ಯಾವುದು, ಜೀತ ಯಾವುದು?

ಸಂಬಳ ಕಡಿಮೆ, ಮೇಲಧಿಕಾರಿ ಒರಟ ಎಂದ ಮಾತ್ರಕ್ಕೆ ಅದು ಗುಲಾಮಗಿರಿಯಾಗದು. ಬಲವಂತದ ದುಡಿಮೆ ಕುರಿತ 1930ರ ಅಂತರರಾಷ್ಟ್ರೀಯ ಒಪ್ಪಂದ ಎರಡು ಸಂಗತಿಗಳನ್ನು ನೋಡುತ್ತದೆ: ದುಡಿಯುವವರು ಸ್ವಇಚ್ಛೆಯಿಂದ ಒಪ್ಪಿಲ್ಲ, ಮಾಡದಿದ್ದರೆ ಶಿಕ್ಷೆಯ ಬೆದರಿಕೆಯಿದೆ. ಸರಳವಾಗಿ ಕೇಳುವುದಾದರೆ, ಈ ಮನುಷ್ಯ ನಾಳೆ ಬೆಳಿಗ್ಗೆ ಕೆಲಸ ಬಿಟ್ಟು ಹೋಗಬಲ್ಲನೇ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯ ಹನ್ನೊಂದು ಲಕ್ಷಣಗಳನ್ನು ಪಟ್ಟಿ ಮಾಡಿದೆ. ಹೊರಗಿನವರು ಎಲ್ಲವನ್ನೂ ಕಾಣಲಾರರು. ಕಾಣುವಂಥವು ಕೆಲವಿವೆ: ಗುರುತಿನ ದಾಖಲೆ ಬೇರೆಯವರ ಬಳಿ ಇರುವುದು; ಸಂಬಳ ತಡೆಹಿಡಿಯುವುದು; ಕೆಲಸದ ಜಾಗದಲ್ಲೇ ವಾಸ, ಎಲ್ಲಿಗೆ ಹೋದರೂ ಜೊತೆಗೊಬ್ಬ ಕಾವಲಿನವನು; ದುಡಿಯುವವರನ್ನು ನೀವು ಕೇಳಿದ ಪ್ರಶ್ನೆಗೆ ಆ ಕಾವಲಿನವನೇ ಉತ್ತರ ಕೊಡುವುದು. ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಕೂಡಿ ಬಂದರೆ ಸುಮ್ಮನಿರಬೇಡಿ.

ಓದಿದವರು ಇದಕ್ಕೆ ಸಿಲುಕುವುದಿಲ್ಲ ಎಂಬ ನಂಬಿಕೆಯನ್ನು ಆನ್‌ಲೈನ್ ವಂಚನೆಯ ಕೇಂದ್ರಗಳು ಸುಳ್ಳು ಮಾಡಿವೆ. ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ ಎಂಬ ಜಾಹೀರಾತು ನಂಬಿ ಹೋದ ಪದವೀಧರರನ್ನು ಅಲ್ಲಿ ಕೂಡಿಹಾಕಿ, ಅಪರಿಚಿತರಿಗೆ ಮೋಸ ಮಾಡಿಸುತ್ತಾರೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಹೀಗೆ ಸಿಲುಕಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು. ನಿಮಗೆ ಮೋಸದ ಸಂದೇಶ ಕಳಿಸಿದ ಕೈ ಒಬ್ಬ ಬಂದಿಯದೂ ಆಗಿರಬಹುದು.

ಅನುಮಾನ ಬಂದಾಗ

ಇಲ್ಲಿಯೇ ಒಳ್ಳೆಯ ಮನಸ್ಸಿನವರು ಹೆಚ್ಚು ಎಡವುತ್ತಾರೆ. ನೇರವಾಗಿ ನುಗ್ಗಿ ಬಿಡಿಸಲು ಹೋಗಬೇಡಿ. ಮಾಲೀಕನನ್ನು ಪ್ರಶ್ನಿಸಬೇಡಿ. ಫೋಟೊ ತೆಗೆದು ಸಾಮಾಜಿಕ ಜಾಲತಾಣಕ್ಕೆ ಹಾಕಲೇಬೇಡಿ. ಸುಳಿವು ಸಿಕ್ಕರೆ ಅವರನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಬಹುದು. ಊರಿನಲ್ಲಿರುವ ಅವರ ಮನೆಯವರಿಗೂ ಬೆದರಿಕೆ ಹೋಗಬಹುದು.

ಬರೆದಿಡಿ. ಜಾಗ, ದಿನ, ಸಮಯ, ವಾಹನದ ಸಂಖ್ಯೆ, ಎಷ್ಟು ಜನ, ಮಕ್ಕಳಿದ್ದಾರೆಯೇ. ಕಣ್ಣಾರೆ ಕಂಡದ್ದನ್ನೂ ನೀವು ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಆ ವ್ಯಕ್ತಿ ಒಬ್ಬರೇ ಸಿಕ್ಕು, ಸುರಕ್ಷಿತ ಎನಿಸಿದರೆ ಮೆಲ್ಲಗೆ ಕೇಳಬಹುದು: ‘ನಿಮ್ಮ ದಾಖಲೆಗಳು ಯಾರ ಬಳಿ ಇವೆ? ಸಂಬಳ ನಿಮ್ಮ ಕೈಗೇ ಬರುತ್ತದೆಯೇ? ಬೇಡವೆಂದರೆ ಹೋಗಬಹುದೇ?’ ‘ಎಲ್ಲ ಸರಿ ಇದೆ’ ಎಂದರೆ ಬೇಸರಿಸಬೇಡಿ. ಭಯದ ಉತ್ತರ ಹಾಗೆಯೇ ಇರುತ್ತದೆ. ‘ನಿಮ್ಮನ್ನು ಬಿಡಿಸುತ್ತೇನೆ’ ಎಂದು ಮಾತು ಕೊಡಬೇಡಿ. ಕೊಡಬೇಕಾದದ್ದು ಒಂದು ಸಹಾಯವಾಣಿಯ ಸಂಖ್ಯೆ. ಅದು ಇಂದೇ ನಿಮ್ಮ ಮೊಬೈಲ್‌ನಲ್ಲಿರಲಿ.

ಜೀವಕ್ಕೆ ಅಪಾಯವಿದ್ದರೆ, ಮಗುವೊಂದು ಸಿಲುಕಿದ್ದರೆ, ತಡಮಾಡದೆ ಪೊಲೀಸರಿಗೆ ತಿಳಿಸಿ. ಉಳಿದಂತೆ, ಅದರಲ್ಲೂ ವಲಸಿಗರ ವಿಷಯದಲ್ಲಿ, ಮಾನವ ಕಳ್ಳಸಾಗಣೆ ತಡೆಯುವ ಸಂಸ್ಥೆಯನ್ನೋ ಕಾರ್ಮಿಕ ಸಂಘವನ್ನೋ ಮೊದಲು ಸಂಪರ್ಕಿಸುವುದು ಮೇಲು. ದಾಖಲೆಯಿಲ್ಲದವರನ್ನು ಕೆಲವು ಕಡೆ ಸಂತ್ರಸ್ತರೆಂದು ನೋಡದೆ ಗಡೀಪಾರು ಮಾಡಿಬಿಡುತ್ತಾರೆ. ಬಿಡುಗಡೆಯಾದ ದಿನಕ್ಕೆ ಕಥೆ ಮುಗಿಯುವುದೂ ಇಲ್ಲ. ಬಾಕಿ ಸಂಬಳ ಬಾರದೆ, ಸಾಲ ತೀರದೆ ಉಳಿದರೆ ಅದೇ ಏಜೆಂಟನ ಬಾಗಿಲಿಗೆ ಮರಳುವವರುಂಟು. ಸಾಕ್ಷಿ ಹೇಳುವುದು, ವಿಚಾರಣೆಗೆ ಜೊತೆಯಲ್ಲಿ ಹೋಗುವುದು, ಬೇರೆ ಕೆಲಸ ಹುಡುಕಿಕೊಡುವುದು ಸುದ್ದಿಯಾಗುವುದಿಲ್ಲ. ಬಿಡಿಸಿದ ಕ್ಷಣಕ್ಕಿಂತ ಹೆಚ್ಚು ಬೇಕಾಗುವುದು ಅದೇ.

ಕೊಳ್ಳುವಾಗ, ಕೇಳುವಾಗ

ನಾನೊಬ್ಬ ಒಂದು ಅಂಗಿ ಕೊಳ್ಳದಿದ್ದರೆ ಏನಾದೀತು? ಒಬ್ಬರಿಂದ ಹೆಚ್ಚೇನೂ ಆಗದು. ಆದರೆ ಉಜ್ಬೇಕಿಸ್ತಾನವನ್ನು ನೋಡಿ. ಅಲ್ಲಿ ಸರ್ಕಾರವೇ ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ವೈದ್ಯರನ್ನೂ ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟುತ್ತಿತ್ತು. ದೇಶದೊಳಗಿನ ಹೋರಾಟಗಾರರು ಅಪಾಯ ಲೆಕ್ಕಿಸದೆ ಅದನ್ನು ದಾಖಲಿಸಿದರು. ಹೊರಗೆ 300ಕ್ಕೂ ಹೆಚ್ಚು ಕಂಪನಿಗಳು ಆ ಹತ್ತಿ ಬೇಡವೆಂದವು. 2021ರ ಕೊಯ್ಲಿನಲ್ಲಿ ವ್ಯವಸ್ಥಿತ ಬಲವಂತ ಇರಲಿಲ್ಲವೆಂದು ಕಂಡುಬಂದ ಮೇಲೆ 2022ರ ಮಾರ್ಚ್‌ನಲ್ಲಿ ಬಹಿಷ್ಕಾರ ಕೊನೆಗೊಂಡಿತು. ಅಮೆರಿಕದ ಫ್ಲಾರಿಡಾದ ಇಮ್ಮೊಕಲಿಯಲ್ಲಿ ಟೊಮೆಟೊ ಬಿಡಿಸುವ ಕೂಲಿಗಳೇ ಸಂಘಟಿತರಾಗಿ, ದೊಡ್ಡ ಖರೀದಿದಾರರಿಂದ ಒಂದು ಪೌಂಡ್ (ಸುಮಾರು ಅರ್ಧ ಕಿಲೊ) ಟೊಮೆಟೊಗೆ ಒಂದು ಸೆಂಟ್ ಹೆಚ್ಚು ಪಡೆದರು. ಬಲವಂತದ ದುಡಿಮೆ ಕಂಡುಬಂದ ತೋಟದಿಂದ ಆ ಕಂಪನಿಗಳು ಕೊಳ್ಳುವಂತಿಲ್ಲ ಎಂಬ ಕರಾರನ್ನೂ ಬರೆಸಿಕೊಂಡರು. ಎರಡೂ ಕಡೆ ಮುಂದೆ ನಿಂತವರು ಹೊರಗಿನವರಲ್ಲ, ಅಲ್ಲಿಯೇ ಇದ್ದವರು. ಆದ್ದರಿಂದ ಬಹಿಷ್ಕರಿಸುವ ಮುನ್ನ ಅಲ್ಲಿನ ಕಾರ್ಮಿಕರು ಏನು ಕೇಳುತ್ತಿದ್ದಾರೆಂದು ತಿಳಿದುಕೊಳ್ಳಿ.

ಕಂಪನಿಗೆ ಪತ್ರ ಬರೆಯುವುದಾದರೆ ‘ನಿಮ್ಮಲ್ಲಿ ಗುಲಾಮಗಿರಿ ಇದೆಯೇ’ ಎನ್ನಬೇಡಿ; ಇಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಕೆಲಸಕ್ಕೆ ಸೇರಿಸಿಕೊಳ್ಳುವ ಖರ್ಚನ್ನು ಯಾರು ಭರಿಸುತ್ತಾರೆ, ಕಾರ್ಮಿಕರೋ ನೀವೋ?’ ಎಂದು ಕೇಳಿ. ಆರಂಭದಲ್ಲಿ ಹೇಳಿದ ಆ ಹುಡುಗನ ಸಾಲ ಹುಟ್ಟಿದ್ದೇ ಅಲ್ಲಿ.

ಜನಪ್ರತಿನಿಧಿಗಳನ್ನು ಕೇಳುವಾಗಲೂ ಹಲ್ಲಿರುವ ಕಾನೂನನ್ನೇ ಕೇಳಬೇಕು. ಬ್ರಿಟನ್‌ನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ, ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ದೊಡ್ಡ ಕಂಪನಿಗಳು ವರ್ಷಕ್ಕೊಂದು ಹೇಳಿಕೆ ಪ್ರಕಟಿಸಬೇಕೆಂದಿತು. ಆದರೆ ಯಾವ ಕ್ರಮವನ್ನೂ ಕೈಗೊಂಡಿಲ್ಲ ಎಂದು ಬರೆದರೂ ನಡೆಯುತ್ತದೆ. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ನಿಯಮ ಬಲವಂತದ ದುಡಿಮೆಯ ಸರಕಿಗೆ ಮಾರುಕಟ್ಟೆಯನ್ನೇ ಮುಚ್ಚುತ್ತದೆ. ಅದು 2027ರ ಡಿಸೆಂಬರ್‌ನಿಂದ ಅನ್ವಯವಾಗಲಿದೆ.

ಮನೆಯೊಳಗೆ

ಪರಿಶೀಲಿಸಲು ಅತ್ಯಂತ ಕಷ್ಟವಾದ ಕೆಲಸದ ಜಾಗ ಮನೆ. ಜಗತ್ತಿನಲ್ಲಿ ಸುಮಾರು 7.56 ಕೋಟಿ ಮನೆಗೆಲಸದವರಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ದುಡಿಯುತ್ತಿದ್ದರೆ ಸಂಬಳಕ್ಕೆ ಗೊತ್ತಾದ ದಿನವಿರಲಿ, ವಾರದ ರಜೆಯಿರಲಿ, ಅವರ ಮೊಬೈಲ್ ಅವರ ಕೈಯಲ್ಲಿರಲಿ. ಮುಂಗಡ ಕೊಟ್ಟಿದ್ದರೆ ಉಳಿದ ಲೆಕ್ಕ ಅವರಿಗೂ ಬರಹದಲ್ಲಿ ಸಿಗಲಿ. ಗುರುತಿನ ದಾಖಲೆಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಹಕ್ಕು ಮನೆಗೆಲಸದವರದು ಎಂದು 2011ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಜೋಪಾನಕ್ಕೆಂದೇ ಆದರೂ ಅವು ನಿಮ್ಮ ಬೀರುವಿನಲ್ಲಿದ್ದರೆ, ಇಂದೇ ತೆಗೆದು ಅವರ ಕೈಗೆ ಕೊಡಿ.