ಮುಟ್ಟು ನಿಂತ ಮೇಲೆ ಮೂಳೆ ಸವೆದರೆ: ಯಾವ ಡಾಕ್ಟರು, ಯಾವ ಔಷಧ

ನಮ್ಮಕ್ಕ ಕೊಡಗಿನ ಸುಂಟಿಕೊಪ್ಪದ ಮನೆಯ ಕಾಫಿ ಕಣದಲ್ಲಿ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಜೋರಾಗಿ ಬಿದ್ದದ್ದಲ್ಲ, ಕೂತಂತೆ ಬಿದ್ದದ್ದು. ಊರಿದ ಕೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ಇಷ್ಟಕ್ಕೇ ಮೂಳೆ ಯಾಕೆ ಮುರಿಯಿತು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಡಾಕ್ಟರನ್ನು ಹುಡುಕಿಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ ಹಳೆ ಮೂಳೆ ಕರಗುವಷ್ಟು ಬೇಗ ಹೊಸದು ಕಟ್ಟುವುದಿಲ್ಲ. ಮುರಿಯುವ ತನಕ ನೋವೂ ಇರುವುದಿಲ್ಲ. ಹರೆಯದಲ್ಲಿದ್ದ ಎತ್ತರ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಬೆನ್ನು ಬಾಗುತ್ತಿದ್ದರೆ, ಅಮ್ಮನಿಗೆ ಸೊಂಟ ಮುರಿದಿದ್ದರೆ, ಸಂಧಿವಾತಕ್ಕೋ ಉಬ್ಬಸಕ್ಕೋ ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಿಂದಿದ್ದರೆ ಕಾಯಬೇಡಿ.

ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ನೋಡುತ್ತಾರಲ್ಲ, ಅಷ್ಟನ್ನೇ ನಂಬಿ ಔಷಧ ಶುರು ಮಾಡಬೇಡಿ. ಬೇಕಾದದ್ದು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ. ಅದರಲ್ಲಿ ಬರುವ ಟಿ-ಸ್ಕೋರ್, ಅಂದರೆ ಹರೆಯದವರ ಮೂಳೆಗೆ ಹೋಲಿಸಿದ ಅಂಕಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ಮೈಸೂರಿಗೋ ಮಂಗಳೂರಿಗೋ ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಡೆಕ್ಸಾ ಇದೆಯೇ, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಯಾವ ದಿನ ಸಿಗುತ್ತಾರೆ ಎಂದು ಕೇಳಿಕೊಳ್ಳಿ. ಬೋರ್ಡಿನಲ್ಲಿ ಡಿಎಂ ಎಂಡೋಕ್ರೈನಾಲಜಿ ಎಂದಿರುತ್ತದೆ. ಸಂಧಿವಾತ ನೋಡುವ ರುಮಟಾಲಜಿಸ್ಟರೂ ಆದೀತು, ಆಸಕ್ತಿಯಿರುವ ಮೂಳೆ ಡಾಕ್ಟರೂ ಆದೀತು. ಡಿಗ್ರಿಗಿಂತ ಅವರು ಕೇಳುವ ಪ್ರಶ್ನೆ ಮುಖ್ಯ. ಔಷಧ ಬರೆಯುವ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಪ್ಯಾರಾಥೈರಾಯ್ಡ್, ಕಿಡ್ನಿ ಎಲ್ಲ ನೋಡುತ್ತಾರೆಯೇ? ಎಷ್ಟು ವರ್ಷ ಕೊಡುತ್ತೀರಿ, ಆಮೇಲೆ ಏನು ಎಂದರೆ ಉತ್ತರವಿದೆಯೇ? ಇಲ್ಲದಿದ್ದರೆ ಬೇರೆ ಬಾಗಿಲು ತಟ್ಟಿ, ಸಂಕೋಚ ಬೇಡ.

ಸಾಮಾನ್ಯವಾಗಿ ಮೊದಲು ಬರುವುದು ವಾರಕ್ಕೊಂದು 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆ. ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರೀ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ನಮ್ಮ ಮನೆಗಳಲ್ಲಿ ಕಷ್ಟವೆಂದರೆ ಕಾಫಿ. ಮಾತ್ರೆಯ ಜೊತೆ ಕಾಫಿ ಕುಡಿದರೆ ಮೈಗೆ ಸೇರುವ ಔಷಧ ತೀರ ಕಡಿಮೆಯಾಗುತ್ತದೆ. ಅಕ್ಕ ಭಾನುವಾರ ಮಾತ್ರೆ ನುಂಗಿ ಕೋಳಿಗೂಡು ತೆರೆದು, ಅಂಗಳ ಗುಡಿಸಿ, ಆಮೇಲೆಯೇ ಒಲೆಯ ಮೇಲೆ ಕಾಫಿಗೆ ನೀರಿಡುತ್ತಾಳೆ. ಅನ್ನನಾಳದ ತೊಂದರೆ ಇರುವವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಜೊಲೆಡ್ರೊನಿಕ್ ಆಸಿಡ್ ಇದೆ; ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಕಿಡ್ನಿ ತೀರ ದುರ್ಬಲವಿದ್ದರೆ ಈ ಎರಡೂ ಆಗುವುದಿಲ್ಲ. ಬೆನ್ನುಮೂಳೆ ಈಗಾಗಲೇ ಕುಸಿದಿದ್ದರೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಬಗ್ಗೆ ಕೇಳಿ. ಅಲೆಂಡ್ರೊನೇಟೋ ಜೊಲೆಡ್ರೊನಿಕ್ ಆಸಿಡ್ಡೋ ಶುರು ಮಾಡುವ ಮೊದಲು ಕೀಳಬೇಕಾದ ಹಲ್ಲಿದ್ದರೆ ಕೀಳಿಸಿಬಿಡಿ.

ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ವಿಷಯ ಕೊಡಗಿನವರು ಎರಡು ಸಲ ಯೋಚಿಸಬೇಕು. ಒಳ್ಳೆಯ ಔಷಧವೇ, ಆದರೆ ತಪ್ಪಿಸಿದರೆ ಅಥವಾ ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ ಉಳಿಸಿಕೊಂಡ ಮೂಳೆ ವೇಗವಾಗಿ ಕರಗಿ, ಬೆನ್ನುಮೂಳೆಗಳು ಒಂದರ ಹಿಂದೊಂದು ಮುರಿಯಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ? ಜನವರಿಯಲ್ಲಿ ಶುರು ಮಾಡಿದರೆ ಮುಂದಿನದು ಜುಲೈಗೇ, ಮಳೆಯ ನಡುವೆಯೇ ಬರುತ್ತದೆ. ಡಾಕ್ಟರು ಒಪ್ಪಿದರೆ ಏಪ್ರಿಲ್, ಅಕ್ಟೋಬರಿಗೆ ಹೊಂದಿಸಿಕೊಳ್ಳಿ. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮನೆಯ ಫ್ರಿಜ್ಜಿಗೆ ಮೊದಲೇ ತಂದಿಡಬೇಡಿ.

ಊಟದಲ್ಲಿ ಐವತ್ತು ದಾಟಿದ ಹೆಂಗಸಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅಕ್ಕಿ ರೊಟ್ಟಿ, ಕಡಂಬುಟ್ಟಿನಲ್ಲಿ ಅದು ಸಿಗುವುದಿಲ್ಲ. ರಾಗಿ, ಮೊಸರು, ಎಳ್ಳು, ಮುಳ್ಳುಸಮೇತ ತಿನ್ನುವ ಸಣ್ಣ ಒಣಮೀನು ಸೇರಿಸಿ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಮಾತ್ರೆ. ಅಲೆಂಡ್ರೊನೇಟ್ ನುಂಗಿದ ಹೊತ್ತಿಗೇ ಕ್ಯಾಲ್ಸಿಯಂ ಬೇಡ, ಊಟದ ನಂತರಕ್ಕಿರಲಿ. 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಡಾಕ್ಟರು ಹೇಳಿದ ವಾರಗಳಾಚೆ ಮುಂದುವರಿಸಬೇಡಿ.

ಡೆಕ್ಸಾ ವರದಿಯ ಮೂಲಪ್ರತಿ ಜೋಪಾನ. ಮುಂದಿನ ಸ್ಕ್ಯಾನನ್ನು ಸಾಧ್ಯವಾದರೆ ಅದೇ ಯಂತ್ರದಲ್ಲೇ ಮಾಡಿಸಿ. ಬೇರೆ ಯಂತ್ರದ ಅಂಕಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಮೂಳೆ ಏರಿತೋ ಇಳಿಯಿತೋ ಖಚಿತವಾಗುವುದಿಲ್ಲ.